ಜಳಕ ಆದ ಮೇಲೆ ರೊಟ್ಟಿ

ಇವತ್ತು ಬೆಳಿಗ್ಗೆ ತೆಲಂಗಾಣದ ಗಡಿಸೀಮೆಯ ನಾರಾಯಣಖೇಡದ ಆಚೆ ಒಂದು ಹಳ್ಳಿಯಲ್ಲಿ ಕುರಿಗಳಿಗೆ ಲಸಿಕೆ ಹಾಕುವ ಕೆಲಸವಿತ್ತು. ಏಳಕ್ಕೆ ಶುರುವಾದದ್ದು ಮುಗಿಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕುರಿಯವರ ಮನೆಯ ಹೆಣ್ಣುಮಗಳು ಕೈ ತೊಳೆದುಕೊಳ್ಳಲು ಒಂದು ಚೊಂಬು ಬಿಸಿನೀರು ತಂದುಕೊಟ್ಟಳು. ತೊಳೆದು, ಜೇಬಿನಿಂದ ಕರವಸ್ತ್ರ ತೆಗೆದು ಮುಖ ಒರೆಸಿಕೊಳ್ಳುವಾಗ ಕೈ ಮೂಗಿನ ಹತ್ತಿರ ಬಂತು. ಸೋಪಿನ ವಾಸನೆಯನ್ನೂ ಕುರಿಯ ವಾಸನೆಯನ್ನೂ ದಾಟಿಕೊಂಡು ಬಂದದ್ದು ತೊಗರಿಕಟ್ಟಿಗೆಯ ಹೊಗೆಯ ವಾಸನೆ...

ನಮ್ಮ ಕಡೆ ತೊಗರಿ ಬಡಿದಾದ ಮೇಲೆ ಒಣಗಿದ ಕಟ್ಟಿಗೆಯನ್ನು ಮನೆಯ ಪಕ್ಕದಲ್ಲಿ ಒಟ್ಟಿ ಇಟ್ಟಿರುತ್ತಾರೆ. ವರ್ಷವಿಡೀ ಜಳಕದ ನೀರು ಕಾಯುವುದು ಅದರಲ್ಲೇ. ಆ ನೀರಿಗೆ ಹೊಗೆ ಹಿಡಿಯುತ್ತದೆ. ಸ್ನಾನ ಮಾಡಿ ಎಷ್ಟು ಹೊತ್ತಾದರೂ ಮೈಯಲ್ಲಿ ಅದರದೊಂದು ತೆಳ್ಳನೆಯ ವಾಸನೆ ಉಳಿದಿರುತ್ತದೆ. ಜಹೀರಾಬಾದಿನ ನನ್ನ ಮನೆಯಲ್ಲಿ ಈಗ ಗ್ಯಾಸಿನ ಗೀಸರ್ ಇದೆ, ಹಾಗಾಗಿ ಆ ವಾಸನೆಯನ್ನು ಮರೆತೇಬಿಟ್ಟಿದ್ದೆ. ಎರಡನೇ ಸಲ ಕೈ ಮೂಸಿದ್ದನ್ನು ನೋಡಿ ಆ ಹೆಣ್ಣುಮಗಳು ಗಾಬರಿಯಾದಳು.

"ಯಾಕ್ರೀ ಸಾಹೇಬ್ರ, ನೀರು ಛಲೋ ಇಲ್ಲೇನ್ರಿ?"

"ಭಾಳ ಛಲೋ ಅದಾವ್ರೀ ಅಕ್ಕಾ," ಎಂದೆ. ಅವಳಿಗೆ ಏನೆಂದು ಹೇಳಲಿ?

ಹದಿನೈದು ವರ್ಷಗಳ ಹಿಂದೆ ನಾನು ತಾಂಡೂರಿನ ಪಕ್ಕದ ಯಾಲಾಲ್ ಕಡೆಯ ಹಳ್ಳಿಗಳಲ್ಲಿ ಪಶುವೈದ್ಯರ ಸಹಾಯಕನಾಗಿದ್ದೆ. ಜನ ನನ್ನನ್ನೂ ಡಾಕ್ಟರ್ ಸಾಹೇಬ್ರು ಎಂದೇ ಕರೆಯುತ್ತಿದ್ದರು, ನಾನೂ ಅದನ್ನು ತಿದ್ದಲು ಹೋಗುತ್ತಿರಲಿಲ್ಲ. ತಾಂಡೂರಿನ ಒಂದು ಗಲ್ಲಿಯಲ್ಲಿ, ರೊಟ್ಟಿ ಮಾಡಿ ಮಾರುವ ಒಬ್ಬ ಹಿರಿಯ ಹೆಂಗಸಿನ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಇಡೀ ಗಲ್ಲಿ ಅವರನ್ನು 'ಆಯಿ' ಎನ್ನುತ್ತಿತ್ತು. ಆಯಿ ಎಂದರೆ ನಮ್ಮಲ್ಲಿ ಅಜ್ಜಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಬೆರಳ ತುದಿಗಳಲ್ಲಿ ಹಳೆಯ ಸುಟ್ಟ ಕಲೆಗಳು. ಅಂಗಡಿಗೆ ಬೋರ್ಡಿರಲಿಲ್ಲ. ಪಡಸಾಲೆಯಲ್ಲಿ ಎರಡು ಒಲೆ, ಒಂದು ಮಣೆ, ಅಷ್ಟೇ. ಬೆಳಿಗ್ಗೆ ಎಂಟಕ್ಕೆ ಜೋಳದ ರೊಟ್ಟಿ ಬಡಿಯುವ ಸದ್ದು ಗಲ್ಲಿಯ ತುದಿಯವರೆಗೆ ಕೇಳುತ್ತಿತ್ತು. ದಾಲ್ ಮಿಲ್ಲಿನವರು, ಕಲ್ಲು ಪಾಲಿಷ್ ಮಾಡುವವರು, ರೈಲ್ವೆಯವರು ಎಲ್ಲ ಡಬ್ಬಿ ಹಿಡಿದು ಸಾಲು ನಿಲ್ಲುತ್ತಿದ್ದರು.

ಬಾಡಿಗೆಯವರಿಗೆ ಆಯಿಯ ಷರತ್ತೊಂದಿತ್ತು. ಎದ್ದ ಕೂಡಲೇ ಹಾಸಿಗೆ ಮಡಚಬೇಕು, ಜಳಕ ಮಾಡಬೇಕು, ಆಮೇಲೇ ರೊಟ್ಟಿ. ಮೊದಲ ಒಂದು ವರ್ಷ ನನಗೆ ಇದೊಂದು ಷರತ್ತು ಎಂದೇ ಅನಿಸಿರಲಿಲ್ಲ. ಕೆಲಸಕ್ಕೆ ಹೋಗುವವನು ಹೇಗೂ ಜಳಕ ಮಾಡುತ್ತಾನಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಂಗ್ಟಿ ಕಡೆಯ ಕುರುಬರ ಮನೆಯವನು. ಅಪ್ಪನ ಕುರಿಮಂದೆಯ ಜೊತೆಯಲ್ಲೇ ಬೆಳೆದವನು. ಶಾಲೆಯಲ್ಲಿ ನನ್ನ ಪಕ್ಕದ ಹುಡುಗರು "ಕುರಿ ವಾಸನಿ ಬರ್ತದ" ಎಂದು ಬೆಂಚಿನ ಆ ತುದಿಗೆ ಸರಿಯುತ್ತಿದ್ದರು. ಮೊದಲ ಸಂಬಳದಲ್ಲಿ ನಾನು ಕೊಂಡದ್ದು ಘಮಘಮಿಸುವ ಅರ್ಧ ಡಜನ್ ಸೋಪು. ಯಾರಾದರೂ ಮೂಗಿನ ಹತ್ತಿರ ಕೈ ಒಯ್ದರೂ ಸಾಕು, ನನ್ನ ಕಿವಿ ನೆಟ್ಟಗಾಗುತ್ತಿತ್ತು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ಓಡಾಡುವ ಮನುಷ್ಯ.

ಎರಡನೆಯ ವರ್ಷ ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋಗಿ ಅಪ್ಪನ ಮಂದೆಗೆ ನಾನೇ ಲಸಿಕೆ ಹಾಕಿದೆ. ಅಪ್ಪ ಬೇಡವೆಂದಿರಲಿಲ್ಲ, ಹಾಕು ಎಂದೂ ಅಂದಿರಲಿಲ್ಲ. ಮಗ ಓದಿದವನು, ಅವನಿಗೆ ಗೊತ್ತು ಎಂದು ಸುಮ್ಮನೆ ಒಂದೊಂದೇ ಕುರಿಯನ್ನು ಹಿಡಿದುಕೊಟ್ಟ. ನನಗೆ ಗೊತ್ತಿಲ್ಲದ್ದು ಒಂದಿತ್ತು. ರೋಗ ಆಗಲೇ ಮಂದೆಯೊಳಗೆ ಹೊಕ್ಕಿತ್ತು. ಹೊಕ್ಕ ರೋಗಕ್ಕೆ ಲಸಿಕೆ ಏನೂ ಮಾಡಲಾರದು. ವಾರದೊಳಗೆ ಕುರಿಗಳು ಒಂದರ ಹಿಂದೊಂದು ಬೀಳತೊಡಗಿದವು. ಅರ್ಧಕ್ಕೂ ಹೆಚ್ಚು ಹೋದವು. "ಸೂಜಿ ಹಾಕಿದ ಮ್ಯಾಲೇ ಸತ್ವು ನೋಡ್ರಿ," ಎಂದು ಊರವರು ಅಂದರು. ಅವರದೇನೂ ತಪ್ಪಿಲ್ಲ, ಕಣ್ಣಿಗೆ ಕಂಡದ್ದು ಹಾಗೇ. ಪುಸ್ತಕದಲ್ಲಿ ಓದಿದ್ದ ನನಗೇ ರೋಗ ಮೊದಲೋ ಸೂಜಿ ಮೊದಲೋ ಎಂಬುದು ತಲೆಯಲ್ಲಿ ನಿಲ್ಲಲಿಲ್ಲ. ಅಪ್ಪನ ಮುಖ ನೋಡಲಾಗದೆ, ಹೇಳದೆ ಕೇಳದೆ ತಾಂಡೂರಿನ ಬಸ್ಸು ಹತ್ತಿ ಬಂದುಬಿಟ್ಟೆ.

ಬಂದವನು ಮಲಗಿದೆ. ಮೈಗೆ ಹುಷಾರಿಲ್ಲ ಎಂದು ಆಫೀಸಿಗೆ ಚೀಟಿ ಕಳಿಸಿದೆ. ನಿದ್ದೆ ಬರುತ್ತಿರಲಿಲ್ಲ, ಎದ್ದು ಕೂರಲೂ ಆಗುತ್ತಿರಲಿಲ್ಲ. ಕಿಟಕಿ ಮುಚ್ಚಿದ್ದೆ. ಅಪ್ಪನ ಫೋನು ಬಂದಾಗಲೆಲ್ಲ ಅದನ್ನು ದಿಂಬಿನ ಕೆಳಗೆ ಹಾಕುತ್ತಿದ್ದೆ. ಗಡ್ಡ ಬೆಳೆಯಿತು, ಬಟ್ಟೆ ಬದಲಾಗಲಿಲ್ಲ. ಇನ್ನು ಮುಂದೆ ಯಾವ ಪ್ರಾಣಿಯನ್ನೂ ಮುಟ್ಟುವುದಿಲ್ಲ, ಈ ಕೆಲಸವೇ ಬೇಡ ಎಂದು ಗೋಡೆಗೆ ಹೇಳಿಕೊಳ್ಳುತ್ತಿದ್ದೆ. ಒಂದೆರಡು ಸಲ ಅದಕ್ಕಿಂತ ಕೆಟ್ಟ ಯೋಚನೆಯೂ ಬಂದದ್ದುಂಟು...

ಎರಡು ದಿನ ಬಿಸ್ಕತ್ತಿನಲ್ಲಿ ಕಳೆಯಿತು. ಮೂರನೆಯ ದಿನ ಪಕ್ಕದ ಕೋಣೆಯ ರೈಲ್ವೆ ನೌಕರನ ಕೈಯಲ್ಲಿ ನನ್ನ ತಾಟು ಕೊಟ್ಟು ಕಳಿಸಿದೆ. ಅವನು ಖಾಲಿ ತಾಟು ವಾಪಸು ತಂದ. "ಕೊಡಂಗಿಲ್ಲ ಅಂದ್ರು. ಜಳಕ ಮಾಡಿ ನೀನೇ ಬರ್ಬೇಕಂತ." ಸರಿ, ಹಾಗೇ ಎದ್ದು, ಲುಂಗಿ ಬಿಗಿದು ನಾನೇ ಹೋದೆ. ಸಾಲಿನಲ್ಲಿ ಹತ್ತು ಜನರಿದ್ದರು. ಆಯಿ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಹಂಡ್ಯಾಗ ನೀರು ಕಾಯ್ದಾವ. ಜಳಕ ಮಾಡ್ಕೊಂಡು ಬಾ ತಮ್ಮಾ. ಆಮ್ಯಾಲ ರೊಟ್ಟಿ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರು ಲಿಂಗ ಕಟ್ಟಿದವರು, ನಾನು ಕುರುಬ. ಶಾಲೆಯ ಬೆಂಚು ಇಲ್ಲಿಗೂ ಬಂತು ಅಂದುಕೊಂಡೆ. ಬೇರೆ ಅರ್ಥವಿರಬಹುದೆಂದು ಒಂದು ಕ್ಷಣವೂ ಹೊಳೆಯಲಿಲ್ಲ. ನಮ್ಮ ಕಡೆ ಬೆಳೆದ ಯಾರಿಗೂ ಹೊಳೆಯುತ್ತಿರಲಿಲ್ಲವೇನೋ.

ಜಳಕ ಮಾಡಿದೆ. ಮಾಡಿದೆ ಅನ್ನುವುದಕ್ಕಿಂತ ನೀರಿನ ಜೊತೆ ಜಗಳವಾಡಿದೆ. ಮೂರು ಬಕೆಟ್ ಸುರಿದುಕೊಂಡು, ಚರ್ಮ ಕಿತ್ತುಬರುವ ಹಾಗೆ ಉಜ್ಜಿ, ಒದ್ದೆ ತಲೆಯಲ್ಲೇ ಹೋಗಿ ತಾಟನ್ನು ಆಯಿಯ ಮುಂದೆ ಕುಕ್ಕಿದೆ. ಆಯಿ ಏನೂ ನಡೆದೇ ಇಲ್ಲವೆಂಬಂತೆ ಎರಡು ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಚಮಚ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಾಕಿದರು. "ರೂಮಿಗಿ ಒಯ್ಯಬ್ಯಾಡ, ಇಲ್ಲೇ ಕೂತು ಉಣ್ಣು." ಉಂಡೆ. ಬಹಳ ದಿನಗಳ ಮೇಲೆ ನಾಲಿಗೆಗೆ ಉಪ್ಪು ಖಾರ ಗೊತ್ತಾಯಿತು. ಅದನ್ನು ಒಪ್ಪಿಕೊಳ್ಳಲು ಮಾತ್ರ ಸಿದ್ಧನಿರಲಿಲ್ಲ.

ಏಳುವಷ್ಟರಲ್ಲಿ ಇನ್ನೊಂದು ಅಪ್ಪಣೆ. "ರೈಲ್ವೆ ಗೇಟಿನ ತನಕ ಹೋಗಿ ಬಾ. ಬಂದು ಏನ್ ನೋಡ್ದಿ ಹೇಳು."

ಹೋಗಿ ಬಂದೆ. "ಏನೂ ನೋಡ್ಲಿಲ್ರಿ," ಎಂದೆ, ಬೇಕೆಂದೇ.

"ಹಂಗಾರ ಮತ್ತೊಮ್ಮಿ ಹೋಗಿ ಬಾ."

ಉರಿಬಿಸಿಲಲ್ಲಿ ಎರಡನೇ ಸಲ ಹೋದೆ. ನೀವೇ ಹೇಳಿ, ಇಂಥವರ ಮೇಲೆ ಸಿಟ್ಟು ಬಾರದೆ ಇರುತ್ತದೆಯೇ? ಆ ಸಲ ಬಂದು, ಕಲ್ಲಿನ ಚಪ್ಪಡಿ ಹೇರಿದ ಲಾರಿಯ ಮೇಲೆ ಒಬ್ಬ ಛತ್ರಿ ಹಿಡಿದು ಕೂತಿದ್ದ ಎಂದು ಹೇಳಿದೆ. "ಯಾವ ಬಣ್ಣದ ಛತ್ರಿ?" ಎಂದರು ಆಯಿ. ಬಣ್ಣ ನೋಡಿರಲಿಲ್ಲ. "ನಾಳಿ ಬರೋಬರ್ ನೋಡ್ಕೊಂಡು ಬಾ," ಎಂದು ರೊಟ್ಟಿ ತಿರುವಿದರು.

ಒಂದು ವಾರ ಹೀಗೇ ನಡೆಯಿತು. ನನ್ನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದದ್ದು ಶುದ್ಧ ಸಿಟ್ಟು. ಜಳಕವಾಗಿಲ್ಲ ಎಂದು ನನ್ನನ್ನು ಮತ್ತೊಮ್ಮೆ ಜನರ ಮುಂದೆ ನಿಲ್ಲಿಸುವ ಅವಕಾಶ ಅವರಿಗೆ ಕೊಡಬಾರದೆಂದು ಬೆಳಿಗ್ಗೆ ಆರಕ್ಕೇ ಹಂಡೆಯ ಹತ್ತಿರ ಹೋಗುತ್ತಿದ್ದೆ. ಆಯಿ ಆಗಲೇ ಎದ್ದು ತೊಗರಿಕಟ್ಟಿಗೆ ಮುರಿಮುರಿದು ಒಲೆಗೆ ಇಡುತ್ತಿರುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಹಾಸಿಗೆ ಮಡಚುವುದು, ಆ ಹೊಗೆವಾಸನೆಯ ನೀರು, ರೊಟ್ಟಿ, ಗೇಟಿನವರೆಗೆ ನಡಿಗೆ. ಕಾಂಪೌಂಡ್ ಗೋಡೆಯ ಮೇಲೆ ನಿಂತ ಆಡು, ಸ್ಕೂಟರಿನ ಹಿಂದೆ ಕೂತು ನಿದ್ದೆ ಹೋದ ಮುದುಕ, ಹೀಗೆ ದಿನಕ್ಕೊಂದು ವರದಿ. ಬಣ್ಣ ಸಮೇತ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ತಡೆಯಲಾಗಲಿಲ್ಲ. ಆಯಿ ಲಿಂಗಪೂಜೆ ಮುಗಿಸಿ ಆಗಷ್ಟೇ ಒಲೆಯ ಮುಂದೆ ಬಂದು ಕೂತಿದ್ದರು. ಸಾಲು ಇನ್ನೂ ಶುರುವಾಗಿರಲಿಲ್ಲ.

"ಆಯಿ, ಒಂದು ಮಾತು ಖರೇ ಹೇಳ್ರಿ. ನಾ ಕುರುಬರಂವ, ಕುರಿ ವಾಸನಿ ಬರ್ತದ ಅಂತ ಅಲ್ಲೇನ್ರಿ ನೀವು ದಿನಾ ಜಳಕ ಮಾಡು ಜಳಕ ಮಾಡು ಅನ್ನೋದು?"

ಆಯಿಯ ಕೈ ನಿಂತಿತು. ನನ್ನ ಮುಖ ನೋಡಿದರು. ಪರಾತದಲ್ಲಿದ್ದ ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ, ಅದನ್ನು ನನ್ನ ಕಡೆಗೆ ದೂಡಿದರು.

"ಕೈ ತೊಳ್ಕೊ. ಹಿಟ್ಟು ನಾದು."

"ನಾನಾ?"

"ಮತ್ತ್ಯಾರು? ಇಲ್ಲಿ ಬ್ಯಾರೆ ಯಾರರ ಅದಾರೇನು?"

ನಾದಿದೆ. ಅಂಗೈ ಸುಟ್ಟಿತು, ಹಿಟ್ಟು ಗಂಟುಗಂಟಾಯಿತು. "ಟಗರು ಹಿಡಿಯೋ ಕೈ ಅವು, ಇಷ್ಟು ಮೆತ್ತಗ ಹ್ಯಾಂಗಾದ್ವು?" ಎಂದು ಬೈಸಿಕೊಂಡೆ. ಹದಕ್ಕೆ ಬಂದ ಮೇಲೆ ಆಯಿ ಒಂದು ಉಂಡೆ ಮುರಿದು, ಬಡಿದು, ಹಂಚಿಗೆ ಹಾಕಿದರು. ಉಬ್ಬಿ ಬಂದ ಆ ಮೊದಲ ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ನನ್ನೆದುರೇ ತಿಂದರು. ಪೂಜೆಯ ನಂತರ ಅವರ ಬಾಯಿಗೆ ಬೀಳುವ ಆ ದಿನದ ಮೊದಲ ತುತ್ತು ಅದು. ಶುದ್ಧವೆನಿಸಿದ್ದನ್ನು ಮಾತ್ರ ಆ ತುತ್ತಿಗೆ ಬಳಸುವ ಪದ್ಧತಿ ನನಗೆ ಗೊತ್ತಿತ್ತು. ನಾಚಿಕೆಯಿಂದ ತಲೆ ಬಗ್ಗಿತು, ಅದರ ಜೊತೆಗೇ ಎದೆಯ ಮೇಲಿನ ಒಂದು ಚಪ್ಪಡಿ ಸರಿದ ಹಾಗಾಯಿತು. ಇವರಿಗೆ ನನ್ನಿಂದ ಹೇಸಿಗೆಯಾಗಿರಲಿಲ್ಲ. ಅಷ್ಟು ಸಾಕಿತ್ತು.

ಆಮೇಲೆ ಆಯಿಯೇ ಮಾತು ತೆಗೆದರು. ಹಂಚು ನೋಡುತ್ತಲೇ ಹೇಳಿದರು.

"ನಂಗೊಬ್ಬ ತಮ್ಮ ಇದ್ದ. ನಿನ್ನಾಂಗೇ ಮಲಗಿದ್ದ. ಎಲ್ಲಾರೂ ಬೈದ್ರು, ಮೈಗಳ್ಳ ಅಂದ್ರು. ನಾ ಬೈಲಿಲ್ಲ. ಪಾಪ ಅಂತ ರೊಟ್ಟಿ ಹಾಸಿಗಿಗೇ ಒಯ್ದು ಕೊಟ್ಟೆ, ನೀರು ಒಯ್ದು ಕೊಟ್ಟೆ. ಎದ್ದು ಬರೋ ಕೆಲಸಾನೇ ಇಲ್ಲದಾಂಗ ಮಾಡಿದೆ. ಎರಡು ವರ್ಸ... ಆಮ್ಯಾಲ ಏಳಲೇ ಇಲ್ಲ ಅಂವ. ನನ್ನ ಕೈಯಾರೆ ನಾನೇ ಮಲಗಿಸಿದಾಂಗಾತು."

ನನಗೆ ಏನನ್ನಿಸಿತೋ, ಬಾಯಿಂದ ಮಾತು ತಾನಾಗಿ ಬಂತು. "ಇಲ್ರೀ ಆಯಿ. ರೋಗ ಮೊದಲೇ ಒಳಗ ಹೊಕ್ಕಿತ್ತು. ನಿಮ್ಮ ರೊಟ್ಟಿಯಿಂದ ಬಂದಿದ್ದಲ್ಲ. ನೀವು ಜೀವ ತಡೀದೆ ಮಾಡಿದ್ರಿ."

ಆಯಿ ರೊಟ್ಟಿ ತಿರುವುವುದನ್ನು ಮರೆತರು. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬರುವವರೆಗೆ ನನ್ನನ್ನೇ ನೋಡಿದರು.

"ಹಂಗಾರ ನಿನ್ನ ಕುರಿದೂ ಹಂಗೇ ಅಲ್ಲೇನು?"

ಕುರಿಗಳ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನೆತ್ತದ ಮಗನಿಗಾಗಿ ಅಪ್ಪನೇ ಯಾರ ಮೂಲಕವಾದರೂ ವಿಚಾರಿಸಿರಬೇಕು. ನಾನು ಹಿಟ್ಟು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಸಾಲಿನವರು ಒಬ್ಬೊಬ್ಬರಾಗಿ ಬಂದರು, ನೋಡಿದರು, ಡಬ್ಬಿ ಹಿಡಿದು ನಿಂತರು. ಆ ದಿನ ಯಾರೂ ನಗಲಿಲ್ಲ.

ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆ ವಾರವೇ ಆಯಿ ನನ್ನನ್ನು ದವಾಖಾನೆಗೆ ಅಟ್ಟಿದರು. "ಜಳಕ ಮಾಡಿದ್ರ ಮೈ ಎದ್ದೀತು. ಮನಸಿಂದು ಡಾಕ್ಟರ್‌ಗೆ ತೋರಿಸು, ನಾಚಬ್ಯಾಡ. ನನ್ನ ತಮ್ಮಗ ಯಾರೂ ತೋರಿಸಲಿಲ್ಲ." ಕೆಲವು ತಿಂಗಳು ಮಾತ್ರೆ ನುಂಗಿದೆ. ಅದರ ಜೊತೆಗೆ ದಿನವೂ ಹಿಟ್ಟು ನಾದಿದೆ. ಆಯಿ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕೂರುವ ಹೊತ್ತಿನಲ್ಲಿ ನಾನು ಪರಾತದ ಮುಂದೆ ಕೂತಿರುತ್ತಿದ್ದೆ. ಆ ಹತ್ತು ನಿಮಿಷ ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಅವರ ಕೈಯಲ್ಲಿ ಅವರ ದೇವರು, ನನ್ನ ಕೈಯಲ್ಲಿ ಬಿಸಿ ಹಿಟ್ಟು. ತಲೆಯೊಳಗಿನ ಗದ್ದಲ ಆಗ ತುಸು ಕಡಿಮೆಯಾಗುತ್ತಿತ್ತು.

ಮಾತ್ರೆ ಶುರುವಾದ ಮುಂದಿನ ತಿಂಗಳೇ ಊರಿಗೆ ಹೊರಟೆ. ಆಯಿ ಬಟ್ಟೆಯಲ್ಲಿ ರೊಟ್ಟಿ ಕಟ್ಟಿಕೊಟ್ಟು, "ಹಿಟ್ಟು ನಾದಿದಂವ ಯಾರು ಅಂತ ನಿಮ್ಮಪ್ಪಗ ಹೇಳು," ಎಂದರು. ತಾಂಡೂರಿನಿಂದ ಜಹೀರಾಬಾದು, ಅಲ್ಲಿಂದ ನಾರಾಯಣಖೇಡ, ಅಲ್ಲಿಂದ ಕಂಗ್ಟಿ. ಮೂರು ಬಸ್ಸಿನಲ್ಲೂ ಅಪ್ಪನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ಅಪ್ಪ ದೊಡ್ಡಿಯ ಹತ್ತಿರ ಕಂಬಳಿ ಹಾಸಿ ಕೂತಿದ್ದ. ಅವನನ್ನು ನೋಡಿದ್ದೇ ಎಲ್ಲ ಮರೆತುಹೋಯಿತು.

"ಕುರಿ ಹೋದ್ವಂತ ನೀನೂ ಹೋಗ್ಬೇಕೇನೋ? ಎಷ್ಟು ಸಲ ಫೋನ್ ಮಾಡಿದೆ," ಎಂದ ಅಪ್ಪ. ಆಮೇಲೆ ದೊಡ್ಡಿಯ ಕಡೆ ಕೈ ಮಾಡಿ, "ಹೊಸಾ ಮರಿ ಅದಾವ. ಸೂಜಿ ಯಾವಾಗ ಹಾಕ್ತಿ?" ಎಂದ.

ಅದಕ್ಕಿಂತ ದೊಡ್ಡ ಕ್ಷಮೆಯನ್ನು ನಾನು ಇವತ್ತಿನವರೆಗೆ ಯಾರಿಂದಲೂ ಪಡೆದಿಲ್ಲ. ರೊಟ್ಟಿ ಬಿಚ್ಚಿ ಕೊಟ್ಟು, ಹಿಟ್ಟು ನಾನೇ ನಾದಿದ್ದು ಎಂದೆ. ಅಪ್ಪ ಅಗಿಯುವುದನ್ನು ನಿಲ್ಲಿಸಿ ನನ್ನ ಕೈ ನೋಡಿ ಜೋರಾಗಿ ನಕ್ಕ.

ಮರಳಿ ಕೆಲಸಕ್ಕೆ ಹೋದೆ. ಸಿರಿಂಜ್ ಹಿಡಿಯುವ ಮೊದಲು ಒಂದೊಂದೇ ಕುರಿಯ ಮೈ ಮುಟ್ಟಿ ಜ್ವರ ನೋಡುವುದನ್ನು ಅಭ್ಯಾಸ ಮಾಡಿಕೊಂಡೆ. ನಾಲ್ಕು ವರ್ಷದ ಮೇಲೆ ಜಹೀರಾಬಾದಿಗೆ ವರ್ಗವಾಯಿತು, ಮದುವೆಯಾಯಿತು, ಮಕ್ಕಳಾದವು. ತಾಂಡೂರಿಗೆ ಹೋಗುವುದು ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ... ಅದೇ ಆಗಬಾರದಿತ್ತು.

ಕೊನೆಯ ಸಲ ಹೋದದ್ದು ಎರಡು ವರ್ಷದ ಹಿಂದೆ. ಒಲೆಯ ಮುಂದೆ ಆಯಿಯ ಅಕ್ಕನ ಮಗಳು ಕೂತಿದ್ದಳು. ಆಯಿ ಬಾಗಿಲ ಪಕ್ಕ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಜಳಕವಾಗಿತ್ತು, ತಲೆ ಬಾಚಿತ್ತು, ವಿಭೂತಿ ಹಣೆಯ ತುಂಬ ಇತ್ತು. ಕಾಲು ಪೂರ್ತಿ ಹೋಗಿದ್ದವು, ಕಣ್ಣೂ ಮಂಜಾಗಿದ್ದವು. "ಹಾಸಿಗ್ಯಾಗ ಉಣ್ಣಂಗಿಲ್ಲ ಅಂತಾರ್ರೀ. ದಿನಾ ಎತ್ಕೊಂಡು ಬಂದು ಇಲ್ಲೇ ಕೂಡಿಸ್ಬೇಕು," ಎಂದು ಆಕೆ ದೂರುವ ದನಿಯಲ್ಲಿ ಹೇಳಿದಳು. ನನ್ನ ದನಿ ಕೇಳಿ ಆಯಿ ಮುಖ ಎತ್ತಿದರು.

"ಏನ್ ನೋಡ್ದಿ ಇವತ್ತು?"

"ನಿಮ್ಮನ್ನ ನೋಡ್ದೆನ್ರಿ ಆಯಿ."

"ಹೋಗೋ! ಅದು ಲೆಕ್ಕಕ್ಕಿಲ್ಲ. ಬ್ಯಾರೆ ಹೇಳು."

ಬಸ್ಸಿನ ಕಿಟಕಿಯಿಂದ ಕಂಡ ಹಳದಿ ಛತ್ರಿಯೊಂದರ ಬಗ್ಗೆ ಹೇಳಿದೆ. ಬಣ್ಣ ಕೇಳುವ ಮೊದಲೇ ಹೇಳಿದ್ದಕ್ಕೆ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಎರಡು ತಿಂಗಳ ಮೇಲೆ ಅವರು ಹೋದ ಸುದ್ದಿ ಬಂತು, ಮಣ್ಣಾಗಿ ಮೂರು ದಿನವಾದ ಮೇಲೆ. ಒಂದು ಹಿಡಿ ಮಣ್ಣು ಹಾಕಲೂ ನಾನಿರಲಿಲ್ಲ. ನೀವು ನನ್ನನ್ನು ಉಳಿಸಿದಿರಿ ಎಂದು ಬಾಯಿಬಿಟ್ಟು ಹೇಳಿರಲೂ ಇಲ್ಲ. ಹೇಳಿದ್ದರೆ, ಹಂಗಾರ ಹಿಟ್ಟು ನಾದು ಎನ್ನುತ್ತಿದ್ದರೇನೋ.

ಈಗಲೂ ಕೆಲವು ಬೆಳಿಗ್ಗೆ ಎದೆಯ ಮೇಲೆ ಆ ಭಾರ ಬಂದು ಕೂರುತ್ತದೆ. ಮೊದಲಿನ ಹಾಗೆ ಅದಕ್ಕೆ ಹೆದರುವುದಿಲ್ಲ. ಎದ್ದು ಹಾಸಿಗೆ ಮಡಚುತ್ತೇನೆ, ಜಳಕ ಮಾಡುತ್ತೇನೆ, ಎಲ್ಲರ ಜೊತೆ ಕೂತು ಉಣ್ಣುತ್ತೇನೆ, ಒಂದಿಷ್ಟು ನಡೆದು ಬರುತ್ತೇನೆ. ರಜೆಯ ದಿನವೂ ಏಳಕ್ಕೆ ಹಾಸಿಗೆ ಮಡಚುವ ಗಂಡನನ್ನು ನೋಡಿ ಹೆಂಡತಿ ನಗುತ್ತಾಳೆ. ನಗಲಿ. ಅಷ್ಟರಲ್ಲಿ ಭಾರ ಎಷ್ಟೋ ಇಳಿದಿರುತ್ತದೆ, ಇಳಿಯದಿದ್ದರೆ ಡಾಕ್ಟರ ದಾರಿ ಗೊತ್ತಿದೆ.

ಸಂಜೆ ಮನೆಗೆ ಬಂದಾಗ ಕೈಯ ಹೊಗೆವಾಸನೆ ಹೋಗಿಬಿಟ್ಟಿತ್ತು. ಇವತ್ತಿನ ವರದಿ ಹಾಗೇ ಉಳಿದಿದೆ, ಕೇಳುವವರಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಆಯಿ. ಲಸಿಕೆ ಹಾಕಿ ಮುಗಿಸಿದ ಮೇಲೆ ಮಂದೆಯನ್ನು ಹೊರಗೆ ಬಿಟ್ಟರು. ಮುಂದಿದ್ದ ಕಂದು ಬಣ್ಣದ ಕುರಿ ದಾರಿಯಲ್ಲಿ ಒಂದು ಕಡೆ ಚಂಗನೆ ಹಾರಿತು. ಹಿಂದೆ ಬಂದವೆಲ್ಲ ಅದೇ ಜಾಗಕ್ಕೆ ಬಂದು ಒಂದೊಂದಾಗಿ ಹಾರಿದವು, ಕೊನೆಯ ಮರಿ ಕೂಡ. ಹೋಗಿ ನೋಡಿದೆ, ಅಲ್ಲಿ ಏನೂ ಇರಲಿಲ್ಲ. ನಾನು ಒಬ್ಬನೇ ನಿಂತು ನಕ್ಕೆ.

ಇದು ಲೆಕ್ಕಕ್ಕದ ಅಲ್ರೀ, ಆಯಿ?